ಚಾಲಕನಿಲ್ಲದ ಕಾರಿನ ಮೇಲೆ ಸಂಶೋಧನೆ: ಕ್ಯಾಮೆರಾ ಹಿಡಿಯಲಾ, ಲೈಡಾರ್ ಹಿಡಿಯಲಾ?

ಎರಡನೇ_ಸೆಮಿಸ್ಟರ್:
ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಮಾಡುತ್ತಿದ್ದೇನೆ. ಚಾಲಕನಿಲ್ಲದ ವಾಹನಗಳ ಪರ್ಸೆಪ್ಷನ್ ಮೇಲೆ ಪ್ರಾಜೆಕ್ಟ್ ಆಗಬೇಕು. ಅಂದರೆ ಸುತ್ತ ಏನಿದೆ, ಎಷ್ಟು ದೂರದಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ಕಾರು ತಿಳಿದುಕೊಳ್ಳುವ ಭಾಗ.

ಗೈಡ್ ಹೇಳಿದ್ದು ಇಷ್ಟು: "ಕಿಟ್ಟಿ ಡೇಟಾಸೆಟ್ ಇಳಿಸಿಕೋ, ಯಾವುದಾದರೂ 3ಡಿ ಡಿಟೆಕ್ಟರ್ ಟ್ರೇನ್ ಮಾಡು, ಈಗಿರುವ ಸ್ಕೋರ್‌ಗಿಂತ ಅರ್ಧ ಪರ್ಸೆಂಟ್ ಮೇಲೆ ಬಂದರೆ ಪೇಪರ್ ಆಗುತ್ತದೆ." ಕಿಟ್ಟಿ ಅಂದರೆ ಕಾರಿನ ಸೆನ್ಸರ್‌ಗಳಿಂದ ರಸ್ತೆಯಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ತೆರೆದಿಟ್ಟ ಡೇಟಾ; 3ಡಿ ಡಿಟೆಕ್ಟರ್ ಅಂದರೆ ಅದರಲ್ಲಿ ಯಾವ ವಸ್ತು ಎಲ್ಲಿ, ಎಷ್ಟು ದೂರದಲ್ಲಿದೆ ಎಂದು ಹುಡುಕುವ ಪ್ರೋಗ್ರಾಂ. ಸೀನಿಯರ್ ಒಬ್ಬರು ಲೈಡಾರ್ (ಲೇಸರ್ ಬೆಳಕು ಹೋಗಿ ಬರುವ ಸಮಯದಿಂದ ದೂರ ಅಳೆಯುವ ಸೆನ್ಸರ್) ದಂಡ, ಕ್ಯಾಮೆರಾ ಒಂದೇ ಸಾಕು ಎನ್ನುತ್ತಾರೆ. ಇನ್ನೊಬ್ಬರು ಅದಕ್ಕೆ ಪೂರ್ತಿ ಉಲ್ಟಾ. ನಮ್ಮ ಲ್ಯಾಬ್‌ನಲ್ಲಿ ಕಾರಿಲ್ಲ, ಲೈಡಾರ್ ಇಲ್ಲ. ಇರುವುದು ಒಂದು ಜಿಪಿಯು (ಮಾಡೆಲ್ ಟ್ರೇನ್ ಮಾಡಲು ಬೇಕಾದ ಚಿಪ್), ಅದಕ್ಕೂ ಕ್ಯೂ.

ಯಾವ ಸೆನ್ಸರ್ ಹಿಡಿದರೆ ಒಳ್ಳೆಯದು? ಕಾರೇ ಇಲ್ಲದೆ ಏನಾದರೂ ಅರ್ಥಪೂರ್ಣ ಕೆಲಸ ಮಾಡಬಹುದಾ, ಇಲ್ಲ ಸುಮ್ನೆ ಸ್ಕೋರ್ ಬೆನ್ನು ಹತ್ತಬೇಕಾ?

ಬಿಂದುಮೋಡ:
ವಾದ ಆಮೇಲೆ, ಮೊದಲು ಲೆಕ್ಕ. ನಿಮ್ಮ ಗೈಡ್ ಹೇಳಿದ ಕಿಟ್ಟಿಯನ್ನೇ ತಗೊಳ್ಳಿ. ಅದರ ಸ್ಟೀರಿಯೋ ಜೋಡಿಯ, ಅಂದರೆ ನಮ್ಮ ಎರಡು ಕಣ್ಣಿನಂತೆ ಅಕ್ಕಪಕ್ಕ ಇಟ್ಟ, ಎರಡು ಕ್ಯಾಮೆರಾಗಳ ನಡುವೆ ಸುಮಾರು 54 ಸೆಂ.ಮೀ. ಅಂತರ. ಫೋಕಲ್ ಲೆಂತ್ ಸುಮಾರು 721 ಪಿಕ್ಸೆಲ್. 721ನ್ನು 0.54ರಿಂದ ಗುಣಿಸಿದರೆ 389. ಅದನ್ನು ವಸ್ತುವಿನ ದೂರದಿಂದ ಭಾಗಿಸಿದರೆ, ಒಂದೇ ವಸ್ತು ಎರಡು ಚಿತ್ರಗಳಲ್ಲಿ ಎಷ್ಟು ಪಿಕ್ಸೆಲ್ ಸರಿದು ಕಾಣುತ್ತದೆ ಎಂದು ಸಿಗುತ್ತದೆ.

10 ಮೀಟರ್ ದೂರಕ್ಕೆ 39 ಪಿಕ್ಸೆಲ್. 50 ಮೀಟರ್‌ಗೆ 8 ಕೂಡ ಇಲ್ಲ. ಈಗ ನಿಮ್ಮ ಮ್ಯಾಚಿಂಗ್ (ಒಂದೇ ಬಿಂದುವನ್ನು ಎರಡೂ ಚಿತ್ರಗಳಲ್ಲಿ ಗುರುತಿಸುವುದು) ಒಂದೇ ಒಂದು ಪಿಕ್ಸೆಲ್ ತಪ್ಪಿತು ಅನ್ನಿ. 10 ಮೀಟರ್‌ನಲ್ಲಿ ದೂರದ ತಪ್ಪು ಸುಮಾರು 26 ಸೆಂ.ಮೀ. 50 ಮೀಟರ್‌ನಲ್ಲಿ 6 ಮೀಟರ್‌ಗೂ ಜಾಸ್ತಿ! ದೂರ ಐದು ಪಟ್ಟಾದರೆ ತಪ್ಪು ಇಪ್ಪತ್ತೈದು ಪಟ್ಟು. ಇದು ಅಲ್ಗಾರಿದಮ್‌ನ ದೋಷ ಅಲ್ಲ, ತ್ರಿಕೋನದ ಗುಣ. ಪಿಕ್ಸೆಲ್‌ನ ಭಾಗದವರೆಗೂ ನಿಖರವಾಗಿ ಮ್ಯಾಚ್ ಮಾಡಬಹುದು, ಆದರೆ ತಪ್ಪು ಬೆಳೆಯುವ ರೀತಿ ಬದಲಾಗುವುದಿಲ್ಲ.

ಲೈಡಾರ್‌ಗೆ ಈ ಕಾಟ ಇಲ್ಲ. ಬೆಳಕು ಒಂದು ನ್ಯಾನೋಸೆಕೆಂಡ್‌ನಲ್ಲಿ 30 ಸೆಂ.ಮೀ. ಹೋಗುತ್ತದೆ. ಹೋಗಿ ಬರುವುದು ಎಂದರೆ 15 ಸೆಂ.ಮೀ. ದೂರ. ಟೈಮರ್ ಚೆನ್ನಾಗಿದ್ದರೆ 10 ಮೀಟರ್ ಆಗಲಿ, 50 ಮೀಟರ್ ಆಗಲಿ, ತಪ್ಪು ಕೆಲವೇ ಸೆಂಟಿಮೀಟರ್. ನನ್ನ ಓಟು ಲೈಡಾರ್‌ಗೆ.

ಪಿಕ್ಸೆಲ್_ಪಕ್ಷ:
ಲೆಕ್ಕ ಸರಿ. ಅರ್ಧ ಲೆಕ್ಕ ಮಾತ್ರ ಮಾಡಿದ್ದೀರಿ.

ಕಿಟ್ಟಿ ಕಾರಿನ ಮೇಲಿದ್ದದ್ದು ವೆಲೋಡೈನ್ ಕಂಪನಿಯ 64 ಲೇಸರ್‌ಗಳ ಲೈಡಾರ್. ಮೇಲೆ ಕೆಳಗೆ ಎರಡು ಗೆರೆಗಳ ನಡುವೆ ಸುಮಾರು 0.4 ಡಿಗ್ರಿ. 50 ಮೀಟರ್‌ನಲ್ಲಿ ಅದು 35 ಸೆಂ.ಮೀ. ಆಗುತ್ತದೆ. ಅಲ್ಲಿ ನಿಂತ ಮನುಷ್ಯನ ಮೇಲೆ ಬೀಳುವುದು ಐದು ಗೆರೆ, ಒಂದೊಂದರಲ್ಲಿ ಮೂರು ನಾಲ್ಕು ಬಿಂದು. ಒಟ್ಟು ಹದಿನೈದಿಪ್ಪತ್ತು ಬಿಂದು. ದೂರ ಸೆಂಟಿಮೀಟರ್‌ವರೆಗೂ ಗೊತ್ತು. ಆದರೆ ಅದು ಮನುಷ್ಯನಾ, ಕಂಬವಾ, ಪೊದೆಯಾ? ಅದೇ ಜಾಗದಲ್ಲಿ ಕಿಟ್ಟಿಯ ಕ್ಯಾಮೆರಾಗೆ ಆ ಮನುಷ್ಯ ಸುಮಾರು 24 ಪಿಕ್ಸೆಲ್ ಎತ್ತರ, 7 ಪಿಕ್ಸೆಲ್ ಅಗಲ. ನೂರೈವತ್ತಕ್ಕೂ ಜಾಸ್ತಿ ಪಿಕ್ಸೆಲ್, ಅದೂ ಬಣ್ಣದಲ್ಲಿ. ಇನ್ನು ಸಿಗ್ನಲ್ ಕೆಂಪೋ ಹಸಿರೋ, ಮುಂದಿನ ಕಾರಿನ ಬ್ರೇಕ್ ಲೈಟ್ ಹತ್ತಿದೆಯೋ ಇಲ್ಲವೋ, ಇದನ್ನೆಲ್ಲ ಲೈಡಾರ್ ಯಾವ ಜನ್ಮದಲ್ಲೂ ಹೇಳುವುದಿಲ್ಲ.

2019ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರ ಸ್ಯೂಡೋ-ಲೈಡಾರ್ ಪೇಪರ್ ಬಂತು. ಕ್ಯಾಮೆರಾದಿಂದ ಸಿಕ್ಕ ಡೆಪ್ತ್ (ಪ್ರತಿ ಪಿಕ್ಸೆಲ್‌ನ ದೂರ) ಅನ್ನು ಚಿತ್ರದ ರೂಪದಲ್ಲೇ ಬಿಡದೆ, ಲೈಡಾರ್‌ನಂತೆ 3ಡಿ ಬಿಂದುಗಳಾಗಿ ಬದಲಾಯಿಸಿ, ಲೈಡಾರ್‌ಗೆಂದೇ ಇದ್ದ ಡಿಟೆಕ್ಟರ್‌ಗೆ ಕೊಟ್ಟರು. ಡೆಪ್ತ್ ಅದೇ, ಇಟ್ಟ ರೂಪ ಬೇರೆ. ಆದರೂ ಕಿಟ್ಟಿಯಲ್ಲಿ 30 ಮೀಟರ್ ಒಳಗಿನ ನಿಖರತೆ 22ರಿಂದ 74 ಪರ್ಸೆಂಟ್‌ಗೆ ಹಾರಿತು. ಅಂದರೆ ಅಲ್ಲಿಯವರೆಗೆ ಕ್ಯಾಮೆರಾದ ತಪ್ಪು ಎಂದುಕೊಂಡಿದ್ದರಲ್ಲಿ ದೊಡ್ಡ ಪಾಲು ನಾವು ಲೆಕ್ಕ ಬರೆದುಕೊಳ್ಳುವ ರೀತಿಯದ್ದು.

ಬಿಂದುಮೋಡ:
30 ಮೀಟರ್ ಒಳಗೆ. ನೀವೇ ಬರೆದಿದ್ದೀರಿ.

ಪಿಕ್ಸೆಲ್_ಪಕ್ಷ:
ಹೌದು ಬರೆದಿದ್ದೇನೆ. 50 ಮೀಟರ್‌ನಲ್ಲಿ ನಿಮ್ಮ ಹದಿನೈದು ಬಿಂದುಗಳಿಗೂ ಹೆಸರಿಡಲು ಆಗುವುದಿಲ್ಲ ಎಂದೂ ಬರೆದಿದ್ದೇನೆ.

ಹಳೇ_ಲ್ಯಾಬ್:
ಈ ಜಗಳ ಹೊಸದೇನಲ್ಲ ಮಾರಾಯರೇ. ಸ್ವಲ್ಪ ಹಿಂದಕ್ಕೆ ಹೋಗೋಣ.

ಮ್ಯೂನಿಕ್‌ನ ಬುಂಡೆಸ್‌ವೇರ್ ವಿಶ್ವವಿದ್ಯಾಲಯದಲ್ಲಿ ಅರ್ನ್ಸ್ಟ್ ಡಿಕ್ಮನ್ಸ್ ತಂಡ 1980ರ ದಶಕದಲ್ಲೇ ಒಂದು ಮರ್ಸಿಡಿಸ್ ವ್ಯಾನನ್ನು ಬರೀ ಕ್ಯಾಮೆರಾದಿಂದ ಓಡಿಸಿತ್ತು. 1987ರಲ್ಲಿ ಖಾಲಿ ಆಟೋಬಾನ್ (ಜರ್ಮನಿಯ ಹೆದ್ದಾರಿ) ಮೇಲೆ ಗಂಟೆಗೆ 96 ಕಿ.ಮೀ. ವೇಗ! ಆಗಿನ ಕಂಪ್ಯೂಟರ್‌ಗೆ ಇಡೀ ಚಿತ್ರ ನೋಡುವ ಶಕ್ತಿ ಇರಲಿಲ್ಲ. ಹಾಗಾಗಿ ಮುಂದಿನ ಕ್ಷಣ ಏನು ಎಲ್ಲಿರಬಹುದು ಎಂದು ಊಹಿಸಿ, ಚಿತ್ರದ ಆ ತುಂಡನ್ನು ಮಾತ್ರ ನೋಡುತ್ತಿದ್ದರು. 1995ರಲ್ಲಿ ಅದೇ ತಂಡದ ಕಾರು ಮ್ಯೂನಿಕ್‌ನಿಂದ ಡೆನ್ಮಾರ್ಕ್‌ನ ಒಡೆನ್ಸೆಗೆ, ಮಾಮೂಲಿ ಟ್ರಾಫಿಕ್ ನಡುವೆ, ಬಹುತೇಕ ತಾನಾಗಿಯೇ ಓಡಿತು. ವೇಗ 175 ಕಿ.ಮೀ. ಮುಟ್ಟಿತ್ತು.

ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಡೀನ್ ಪೊಮರ್ಲೋ 1980ರ ದಶಕದ ಕೊನೆಯಲ್ಲಿ ಆಲ್ವಿನ್ ಎಂಬ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಮಾಡಿದರು. ಅದು ನೋಡುತ್ತಿದ್ದ ಚಿತ್ರ 30 ಗುಣಿಸು 32 ಪಿಕ್ಸೆಲ್ ಅಷ್ಟೇ. ಈಗಿನ ಫೋನಿನ ಐಕಾನ್ ಇದಕ್ಕಿಂತ ದೊಡ್ಡದು. 1995ರಲ್ಲಿ ಅವರ ಗುಂಪಿನ ಮತ್ತೊಂದು ಸಿಸ್ಟಂ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋವರೆಗೆ ದಾರಿಯ 98.2 ಪರ್ಸೆಂಟ್ ಭಾಗದಲ್ಲಿ ತಾನೇ ಸ್ಟೀರಿಂಗ್ ತಿರುಗಿಸಿತು. ಬ್ರೇಕ್, ಆಕ್ಸಿಲರೇಟರ್ ಮಾತ್ರ ಮನುಷ್ಯರ ಕಾಲಲ್ಲಿ.

ಕ್ಯಾಮೆರಾದಲ್ಲಿ 98 ಪರ್ಸೆಂಟ್ ಅಂದೇ ಬಂದಿತ್ತು, ಗೊತ್ತಾಯಿತಾ? ಮೂವತ್ತು ವರ್ಷದಿಂದ ಎಲ್ಲರೂ ಒದ್ದಾಡುತ್ತಿರುವುದು ಉಳಿದ ಎರಡು ಪರ್ಸೆಂಟ್ ಜೊತೆ.

ಈಗ ಲೈಡಾರ್ ಕಥೆ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ರೇಸ್ ಇಟ್ಟಾಗ ಯಾವ ವಾಹನವೂ ಮುಗಿಸಲಿಲ್ಲ. ಎಲ್ಲರಿಗಿಂತ ಮುಂದೆ ಹೋದದ್ದು ಕಾರ್ನೆಗಿ ಮೆಲನ್‌ನದ್ದು, 12 ಕಿ.ಮೀ. ಕೂಡ ಪೂರ್ತಿ ಆಗಲಿಲ್ಲ. ಮುಂದಿನ ವರ್ಷ ಐದು ವಾಹನ ಗುರಿ ಮುಟ್ಟಿದವು. ಗೆದ್ದದ್ದು ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ. ಸುಮಾರು 212 ಕಿ.ಮೀ. ದಾರಿಗೆ ಏಳು ಗಂಟೆಗಿಂತ ತುಸು ಕಡಿಮೆ.

ನಿಮ್ಮಿಬ್ಬರ ಜಗಳಕ್ಕೆ ಉತ್ತರ ಸ್ಟ್ಯಾನ್ಲಿಯಲ್ಲೇ ಇದೆ. ಅದರ ಲೇಸರ್‌ಗಳಿಗೆ ಹತ್ತಿರದ ನೆಲ ಮಾತ್ರ ಸರಿಯಾಗಿ ಕಾಣುತ್ತಿತ್ತು, ವೇಗವಾಗಿ ಹೋಗಲು ಅದು ಸಾಲದು. ಹಾಗಾಗಿ ಲೇಸರ್ "ಇದು ಸಮತಟ್ಟು ನೆಲ" ಎಂದು ತೋರಿಸಿದ ಜಾಗ ಕ್ಯಾಮೆರಾದಲ್ಲಿ ಯಾವ ಬಣ್ಣ ಎಂದು ಸಾಫ್ಟ್‌ವೇರ್ ಓಡುತ್ತಲೇ ಕಲಿಯುತ್ತಿತ್ತು. ದೂರದಲ್ಲಿ ಅದೇ ಬಣ್ಣ ಕಂಡರೆ ದಾರಿ ಮುಂದೆಯೂ ಇದೆ ಎಂದು ಹುಮ್ಮಸ್ಸಿನಿಂದ ಹೋಗುತ್ತಿತ್ತು. ಇಲ್ಲದಿದ್ದರೆ ನಿಧಾನ. ಲೇಸರ್ ಮೇಷ್ಟ್ರು, ಕ್ಯಾಮೆರಾ ಶಿಷ್ಯ. ಇವತ್ತಿಗೂ ಬರೀ ಕ್ಯಾಮೆರಾದಿಂದ ಡೆಪ್ತ್ ಹೇಳುವ ಎಷ್ಟೋ ನೆಟ್‌ವರ್ಕ್‌ಗಳಿಗೆ ಟ್ರೇನಿಂಗ್‌ನಲ್ಲಿ ಪಾಠ ಹೇಳುವುದು ಲೈಡಾರೇ.

ಮಂಜಿನಲ್ಲಿ_77:
ಎಷ್ಟೊಂದು ಮಾತಾಯಿತು, ರೇಡಾರ್ ಹೆಸರು ಯಾರೂ ಎತ್ತಲಿಲ್ಲ. ಯಾವಾಗಲೂ ಇದೇ ಗತಿ.

ಲೈಡಾರ್‌ನಲ್ಲಿ ಸಾಮಾನ್ಯವಾಗಿ ಬಳಸುವ 905 ನ್ಯಾನೋಮೀಟರ್ ಬೆಳಕಿಗೆ ಮಂಜಿನ ಹನಿಗಳು ದೊಡ್ಡ ಗೋಡೆ. ಬೆಳಕು ಚದುರುತ್ತದೆ, ಕಾರಿನ ಮುಂದೆಯೇ ಸುಳ್ಳು ಬಿಂದುಗಳು ಬರುತ್ತವೆ. ಕ್ಯಾಮೆರಾ ಕಥೆಯೂ ಅಷ್ಟೇ. 77 ಗಿಗಾಹರ್ಟ್ಜ್ ರೇಡಾರ್‌ನ ರೇಡಿಯೋ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮಂಜಿನ ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಜೊತೆಗೆ ಡಾಪ್ಲರ್‌ನಿಂದ (ಚಲಿಸುವ ವಸ್ತುವಿನಿಂದ ಮರಳುವ ಅಲೆಯ ಆವರ್ತನ ಬದಲಾಗುವುದರಿಂದ) ವೇಗ ನೇರವಾಗಿ ಸಿಗುತ್ತದೆ. ಎರಡು ಫ್ರೇಮ್ ಹೋಲಿಸಿ ಊಹಿಸಬೇಕಿಲ್ಲ.

ತೊಂದರೆ ಇಲ್ಲವೇ? ಇದೆ, ಬೇಕಾದಷ್ಟಿದೆ. ದಿಕ್ಕು ಗುರುತಿಸುವುದರಲ್ಲಿ ಮಂದ. ಮಾಮೂಲಿ ಆಟೋಮೋಟಿವ್ ರೇಡಾರ್‌ಗೆ ಎತ್ತರ ಸರಿಯಾಗಿ ತಿಳಿಯುವುದಿಲ್ಲ. ಮೇಲ್ಸೇತುವೆಯೂ ರಸ್ತೆಯಲ್ಲಿ ನಿಂತ ಲಾರಿಯೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮುಂದಿನ ಕಾರಿಗೆ ತಕ್ಕಂತೆ ವೇಗ ಹೊಂದಿಸುವ ಹಳೆಯ ಕ್ರೂಸ್ ಕಂಟ್ರೋಲ್ ಸಿಸ್ಟಂಗಳು ನಿಂತ ವಸ್ತುಗಳ ಸಿಗ್ನಲ್ಲನ್ನು ಹೆಚ್ಚಾಗಿ ಕಡೆಗಣಿಸುತ್ತಿದ್ದವು. ಎತ್ತರವನ್ನೂ ಅಳೆಯುವ 4ಡಿ ರೇಡಾರ್ ಈಗ ಬಂದಿದೆ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವ್ಯೂ-ಆಫ್-ಡೆಲ್ಫ್ಟ್, ಕೊರಿಯಾದ ಕೈಸ್ಟ್ ಸಂಸ್ಥೆಯ ಕೆ-ರೇಡಾರ್, ಎರಡೂ 2022ರ ಡೇಟಾಸೆಟ್‌ಗಳು. ಕೆ-ರೇಡಾರ್‌ನಲ್ಲಿ ಮಂಜು, ಮಳೆ, ಹಿಮ ಎಲ್ಲ ಇದೆ. ಕಿಟ್ಟಿಗೆ ಹೋಲಿಸಿದರೆ ಇಲ್ಲಿ ಜನ ಕಡಿಮೆ. ಹೊಸಬರಿಗೆ ಜಾಗ ಇದೆ.

ಎರಡನೇ_ಸೆಮಿಸ್ಟರ್:
ಇಷ್ಟೆಲ್ಲ ಸಿಗುತ್ತದೆ ಎಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಕಿಟ್ಟಿ ಸ್ಕೋರ್ ಏರಿಸುವುದಕ್ಕೆ ಬೆಲೆಯೇ ಇಲ್ಲವಾ? ಗೈಡ್‌ಗೆ ಏನು ಹೇಳಲಿ?

ಅಳತೆಗೋಲು:
ಕಿಟ್ಟಿಯನ್ನು ಬೈಯುವುದು ಈಗ ಫ್ಯಾಷನ್. ಅದು ನ್ಯಾಯ ಅಲ್ಲ. 2012ರಲ್ಲಿ ಕಾರ್ಲ್ಸ್‌ರೂ ಮತ್ತು ಟೊಯೋಟಾ ಟೆಕ್ನಾಲಜಿಕಲ್ ಇನ್‌ಸ್ಟಿಟ್ಯೂಟ್ ಸೇರಿ ಅದನ್ನು ಹೊರತಂದಾಗ, ಕಾರಿಲ್ಲದ ಸಾವಿರಾರು ವಿದ್ಯಾರ್ಥಿಗಳಿಗೆ ಮೊದಲ ಸಲ ಬಾಗಿಲು ತೆರೆಯಿತು. ನಮ್ಮಂಥವರು ಇವತ್ತು ಇಲ್ಲಿ ಮಾತಾಡುತ್ತಿರುವುದೇ ಅದರಿಂದ.

ಆದರೆ ಅದು ಏನನ್ನು ಅಳೆಯುತ್ತದೆ ಎಂದು ಗೊತ್ತಿರಬೇಕು. ಡಿಟೆಕ್ಷನ್ ಪರೀಕ್ಷೆಯಲ್ಲಿ ಮಧ್ಯಮ ಮತ್ತು ಕಠಿಣ ಹಂತಗಳಲ್ಲೂ, ಚಿತ್ರದಲ್ಲಿ 25 ಪಿಕ್ಸೆಲ್‌ಗಿಂತ ಗಿಡ್ಡ ಇರುವ ವಸ್ತು ಲೆಕ್ಕಕ್ಕಿಲ್ಲ. ಮೇಲಿನ 721 ಮತ್ತೆ ತಗೊಳ್ಳಿ. ಒಂದೂವರೆ ಮೀಟರ್ ಎತ್ತರದ ಕಾರು 25 ಪಿಕ್ಸೆಲ್‌ಗೆ ಇಳಿಯುವುದು ಸುಮಾರು 43 ಮೀಟರ್ ದೂರದಲ್ಲಿ. ಅದರಾಚೆಯ ಕಾರನ್ನು ನೀವು ಕಂಡರೂ ಅಂಕ ಇಲ್ಲ, ಕಾಣದಿದ್ದರೂ ನಷ್ಟ ಇಲ್ಲ. ಗಂಟೆಗೆ 90 ಕಿ.ಮೀ. ವೇಗದಲ್ಲಿ 43 ಮೀಟರ್ ದಾಟಲು ಎರಡು ಸೆಕೆಂಡ್ ಕೂಡ ಬೇಡ. ಅಪಾಯ ಕಂಡು ಬ್ರೇಕ್ ಹಾಕಿ ನಿಲ್ಲಲೇ ಅದಕ್ಕಿಂತ ಜಾಸ್ತಿ ದೂರ ಬೇಕು. ಅಂದರೆ ಹೆದ್ದಾರಿಯಲ್ಲಿ ಜೀವ ಉಳಿಸುವ ದೂರ ಪರೀಕ್ಷೆಯಲ್ಲೇ ಇಲ್ಲ. ಡೇಟಾ ಎಲ್ಲ ಹಗಲು ಹೊತ್ತಿನದ್ದು, ಒಳ್ಳೆಯ ಹವೆಯದ್ದು.

ಇನ್ನೊಂದು ಉದಾಹರಣೆ ಇನ್ನೂ ಮಜಾ ಇದೆ. ಕಿಟ್ಟಿಯಂತೆಯೇ ತೆರೆದಿಟ್ಟ ನೂಸೀನ್ಸ್ ಡೇಟಾಸೆಟ್‌ನಲ್ಲಿ ಕಾರು ಮುಂದೆ ಯಾವ ದಾರಿ ಹಿಡಿಯಬೇಕು ಎಂದು ಊಹಿಸುವ ಪರೀಕ್ಷೆ ಜನಪ್ರಿಯವಾಯಿತು. 2023ರಲ್ಲಿ ಚೀನಾದ ಬೈದು (Baidu) ಕಂಪನಿಯ ಸಂಶೋಧಕರು ಒಂದು ಪುಟ್ಟ ನೆಟ್‌ವರ್ಕ್ ಮಾಡಿದರು. ಅದಕ್ಕೆ ಕ್ಯಾಮೆರಾ ಇಲ್ಲ, ಲೈಡಾರ್ ಇಲ್ಲ. ಕಾರಿನ ಸ್ವಂತ ವೇಗ, ಹಿಂದಿನ ಕ್ಷಣಗಳ ಚಲನೆ, ಇಂಥದ್ದಷ್ಟೇ. ದೊಡ್ಡ ದೊಡ್ಡ ಮಾಡೆಲ್‌ಗಳಿಗೆ ಅದು ಸರಿಸಮ ನಿಂತಿತು! ಕಣ್ಣು ಮುಚ್ಚಿಕೊಂಡೇ ಪಾಸಾಗುವ ಪರೀಕ್ಷೆ ಕಣ್ಣನ್ನು ಅಳೆಯುತ್ತಿಲ್ಲ, ಅಲ್ವಾ? ಅಲ್ಲಿ ಹೆಚ್ಚಿನ ದೃಶ್ಯಗಳಲ್ಲಿ ಕಾರು ಸುಮ್ನೆ ನೇರ ಹೋಗುತ್ತಿರುತ್ತದೆ. ಮುಂದೆಯೂ ನೇರ ಹೋಗು ಎಂದರೆ ಬಹುಪಾಲು ಸರಿಯೇ.

ಪಿಕ್ಸೆಲ್_ಪಕ್ಷ:
ಒಪ್ಪುತ್ತೇನೆ, ಆದರೆ ಲೀಡರ್‌ಬೋರ್ಡ್ (ಎಲ್ಲರ ಸ್ಕೋರ್ ಸಾಲಾಗಿ ಇಡುವ ಪಟ್ಟಿ) ಪೂರ್ತಿ ಬಿಟ್ಟರೆ ಹತ್ತು ಲ್ಯಾಬ್ ಹತ್ತು ರೀತಿ ಅಳೆದು ಎಲ್ಲರೂ ನಾವೇ ಗೆದ್ದೆವು ಎನ್ನುತ್ತಾರೆ. ಆ ಕಾಲವನ್ನೂ ಈ ಕ್ಷೇತ್ರ ನೋಡಿದೆ. ಅದು ಇದಕ್ಕಿಂತ ಕೆಟ್ಟದಿತ್ತು.

ಅಳತೆಗೋಲು:
ಬಿಡಿ ಎಂದು ನಾನು ಹೇಳಲಿಲ್ಲ. ಸ್ಕೋರ್ ಜೊತೆ ಯಾವ ದೂರದಲ್ಲಿ, ಯಾವ ಹವೆಯಲ್ಲಿ, ಯಾವ ವಸ್ತು ತಪ್ಪಿತು ಎಂದು ಬಿಡಿಸಿ ತೋರಿಸಿ ಎನ್ನುತ್ತಿದ್ದೇನೆ. ಒಂದೇ ಸರಾಸರಿ ಸಂಖ್ಯೆಯಲ್ಲಿ ಎಲ್ಲ ಅಡಗಿಕೊಳ್ಳುತ್ತದೆ.

2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿ ನಗರದಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಓದಿ, ನಿಮ್ಮ ಪ್ರಾಜೆಕ್ಟ್‌ಗೆ ಹತ್ತು ಪೇಪರ್‌ಗಿಂತ ಜಾಸ್ತಿ ಉಪಯೋಗ. ಸೆನ್ಸರ್‌ಗಳು ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಅವರನ್ನು ಪತ್ತೆ ಮಾಡಿದ್ದವು. ಆದರೆ ಸಾಫ್ಟ್‌ವೇರ್ ಒಮ್ಮೆ ವಾಹನ, ಒಮ್ಮೆ "ಬೇರೆ ಏನೋ", ಒಮ್ಮೆ ಸೈಕಲ್ ಎಂದು ಹೆಸರು ಬದಲಿಸುತ್ತಲೇ ಇತ್ತು. ಹೆಸರು ಬದಲಾದಾಗಲೆಲ್ಲ ಅದುವರೆಗಿನ ಚಲನೆಯ ಇತಿಹಾಸ ಕೈಬಿಟ್ಟುಹೋಗುತ್ತಿತ್ತು. ಹಾಗಾಗಿ ಅವರು ರಸ್ತೆ ದಾಟುತ್ತಿದ್ದಾರೆ ಎಂಬ ಊಹೆಯೇ ಸರಿಯಾಗಿ ಮೂಡಲಿಲ್ಲ. ಆ ಕಾರಿನಲ್ಲಿ ಕ್ಯಾಮೆರಾ, ಲೈಡಾರ್, ರೇಡಾರ್ ಮೂರೂ ಇದ್ದವು. ಈ ಚರ್ಚೆಯ ತಲೆಬರಹದ ಪ್ರಶ್ನೆಗೆ ಅಲ್ಲಿ ಅರ್ಥವೇ ಇರಲಿಲ್ಲ.

ಮಂಜಿನಲ್ಲಿ_77:
ಆ ವರದಿಯ ಬಗ್ಗೆ ಒಂದು ಮಾತು. ಕಾರಿನಲ್ಲಿ ಕೂತು ರಸ್ತೆ ನೋಡಬೇಕಿದ್ದ ಆಪರೇಟರ್ ನೋಡುತ್ತಿರಲಿಲ್ಲ ಎಂಬುದೂ ಅದರಲ್ಲಿದೆ. ಎಲ್ಲವನ್ನೂ ಸಾಫ್ಟ್‌ವೇರ್ ತಲೆಗೆ ಕಟ್ಟಬೇಡಿ. ಉಳಿದದ್ದಕ್ಕೆ ನನ್ನ ತಕರಾರಿಲ್ಲ.

ಬೋಲ್ಟ್_ನಟ್:
ನಾನು ಓದಿದ್ದು ಮೆಕ್ಯಾನಿಕಲ್, ಈಗ ಒಂದು ವಿಶ್ವವಿದ್ಯಾಲಯದ ಟೆಸ್ಟ್ ವಾಹನಕ್ಕೆ ಸೆನ್ಸರ್ ಕೂರಿಸುವ ಕೆಲಸ. ಪೇಪರ್‌ನಲ್ಲಿ ಒಂದು ಸಾಲಾಗಿ ಮುಗಿಯುವ ವಿಷಯ ನಮ್ಮ ಅರ್ಧ ಆಯುಷ್ಯ ತಿನ್ನುತ್ತದೆ: "ಸೆನ್ಸರ್‌ಗಳನ್ನು ಕ್ಯಾಲಿಬ್ರೇಟ್ ಮಾಡಿ ಸಿಂಕ್ ಮಾಡಲಾಗಿದೆ."

ಕ್ಯಾಲಿಬ್ರೇಷನ್ ಅಂದರೆ ಯಾವ ಸೆನ್ಸರ್ ಎಲ್ಲಿ, ಯಾವ ಕೋನದಲ್ಲಿ ಕೂತಿದೆ ಎಂದು ನಿಖರವಾಗಿ ಅಳೆಯುವುದು; ಸಿಂಕ್ ಅಂದರೆ ಅವುಗಳ ಗಡಿಯಾರ ಹೊಂದಿಸುವುದು. ಕ್ಯಾಮೆರಾ ಮತ್ತು ಲೈಡಾರ್ ನಡುವಿನ ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದ್ದರೆ 50 ಮೀಟರ್ ದೂರದಲ್ಲಿ ಬಿಂದುಗಳು 44 ಸೆಂ.ಮೀ. ಸರಿದು ಬೀಳುತ್ತವೆ. ಮನುಷ್ಯನ ಬಿಂದುಗಳು ಪಕ್ಕದ ಗೋಡೆಗೆ ಅಂಟುತ್ತವೆ. ಅರ್ಧ ಡಿಗ್ರಿ ಅಂದರೆ ಏನು? ಬ್ರಾಕೆಟ್ ಬಿಸಿಲಿಗೆ ಸ್ವಲ್ಪ ಬಾಗಿದರೆ, ಒಂದು ಗುಂಡಿಗೆ ಜೋರಾಗಿ ಇಳಿದರೆ ಸಾಕು.

ಸಮಯದ್ದು ಇನ್ನೂ ಕೆಟ್ಟದು. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡ್‌ಗೆ 20 ಮೀಟರ್. ಎರಡು ಸೆನ್ಸರ್‌ಗಳ ಗಡಿಯಾರದಲ್ಲಿ 50 ಮಿಲಿಸೆಕೆಂಡ್ ವ್ಯತ್ಯಾಸ ಇದ್ದರೆ ಒಂದು ಮೀಟರ್ ತಪ್ಪು. ಸೆಕೆಂಡ್‌ಗೆ ಹತ್ತು ಸುತ್ತು ತಿರುಗುವ ಲೈಡಾರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಕಾರೇ 2 ಮೀಟರ್ ಮುಂದೆ ಹೋಗಿರುತ್ತದೆ. ಸುತ್ತಿನ ಮೊದಲ ಬಿಂದು ಮತ್ತು ಕೊನೆಯ ಬಿಂದು ಬೇರೆ ಬೇರೆ ಜಾಗದಿಂದ ತೆಗೆದವು. ಅದನ್ನು ಕಾರಿನ ಚಲನೆಯಿಂದ ಸರಿಪಡಿಸಬೇಕು. ಎದುರಿನಿಂದ ಬರುವ ಕಾರಿನ ಚಲನೆ ಗೊತ್ತಿಲ್ಲವಲ್ಲ, ಅದು ಹಿಗ್ಗಿಯೋ ಕುಗ್ಗಿಯೋ ಕಾಣುತ್ತದೆ.

ಡೇಟಾಸೆಟ್ ಇಳಿಸಿಕೊಳ್ಳುವವರಿಗೆ ಇದೆಲ್ಲ ಯಾರೋ ತೊಳೆದು ಇಸ್ತ್ರಿ ಮಾಡಿ ಕೊಟ್ಟ ಬಟ್ಟೆ. ರಸ್ತೆಯಲ್ಲಿ ಹಾಗಿರುವುದಿಲ್ಲ. ನಿಮ್ಮ ಸಮಸ್ಯೆ ಇಲ್ಲೇ ಇದೆ, ಎರಡನೇ_ಸೆಮಿಸ್ಟರ್ ಅವರೇ. ಕಾರು ಬೇಡ. ನೂಸೀನ್ಸ್ ತಗೊಳ್ಳಿ. ಅದರಲ್ಲಿ ಆರು ಕ್ಯಾಮೆರಾ, ಐದು ರೇಡಾರ್, ಒಂದು ಲೈಡಾರ್. ಮೂರನ್ನೂ ಅಥವಾ ಎರಡನ್ನಾದರೂ ಸೇರಿಸುವ ಒಂದು ತಯಾರಾದ ಮಾಡೆಲ್ ಇಳಿಸಿ. ಎಂಐಟಿಯವರ ಬಿಇವಿಫ್ಯೂಷನ್ ಕೋಡ್ ಮುಕ್ತವಾಗಿದೆ. ಬೇಕೆಂದೇ ಕ್ಯಾಲಿಬ್ರೇಷನ್ ಕೆಡಿಸಿ. ಸಮಯ ಸರಿಸಿ. ಒಂದು ಕ್ಯಾಮೆರಾ ಕುರುಡು ಮಾಡಿ. ಸ್ಕೋರ್ ಎಲ್ಲಿ ಮುರಿದು ಬೀಳುತ್ತದೆ ನೋಡಿ.

ಅಳತೆಗೋಲು:
ಒಳ್ಳೆಯ ದಾರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಡೇಟಾ ಕೆಡಿಸಿ ಸ್ಕೋರ್ ಬೀಳುವುದನ್ನು ತೋರಿಸುವ ಪೇಪರ್‌ಗಳು ಆಗಲೇ ಬಂದಿವೆ. ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಾನು ಕೆಟ್ಟಿದ್ದೇನೆ ಎಂದು ಮಾಡೆಲ್‌ಗೆ ಗೊತ್ತಾಗುತ್ತದಾ? ಅದು ಪ್ರಶ್ನೆ. ಕ್ಯಾಲಿಬ್ರೇಷನ್ ಅರ್ಧ ಡಿಗ್ರಿ ತಪ್ಪಿದರೂ ಮಾಡೆಲ್ "90 ಪರ್ಸೆಂಟ್ ಖಾತ್ರಿ" ಎನ್ನುತ್ತಿದ್ದರೆ ಅದು ಅಪಾಯ. ವಸ್ತುವಿನ ಅಂಚು ಚಿತ್ರದಲ್ಲಿ ಒಂದು ಕಡೆ, ಲೈಡಾರ್ ದೂರದಲ್ಲಿ ಇನ್ನೊಂದು ಕಡೆ ಎಂದರೆ ಏನೋ ಸರಿದಿದೆ ಎಂದು ಡೇಟಾದಿಂದಲೇ ಹಿಡಿಯಬಹುದು.

ಹಳೇ_ಲ್ಯಾಬ್:
ಹವೆ ಬದಲಾದರೆ ಏನಾಗುತ್ತದೆ ಎಂದು ನೋಡಲು ಆಕ್ಸ್‌ಫರ್ಡ್ ರೋಬೋಟ್‌ಕಾರ್ ಮರೆಯಬೇಡಿ. ಒಂದೇ ದಾರಿಯನ್ನು ಒಂದು ವರ್ಷಕ್ಕೂ ಜಾಸ್ತಿ ಕಾಲ, ನೂರಕ್ಕೂ ಹೆಚ್ಚು ಸಲ ಓಡಿ ರೆಕಾರ್ಡ್ ಮಾಡಿದ್ದಾರೆ. ಮಳೆ, ರಾತ್ರಿ, ಹಿಮ, ರಸ್ತೆ ಅಗೆದದ್ದು ಎಲ್ಲ ಬಂದಿದೆ. ವಿಶ್ವವಿದ್ಯಾಲಯ ಮಾತ್ರ ಮಾಡುವ ಕೆಲಸ ಅದು. ತಕ್ಷಣಕ್ಕೆ ಲಾಭ ಇಲ್ಲದ್ದು, ತಾಳ್ಮೆ ಬೇಕಾದ್ದು.

ಕ್ಷಣಗಣ್ಣು:
ಸ್ವಲ್ಪ ಬೇರೆ ದಾರಿ, ಆದರೂ ಹೇಳುತ್ತೇನೆ. ಇವೆಂಟ್ ಕ್ಯಾಮೆರಾ ನೋಡಿದ್ದೀರಾ? ಫ್ರೇಮ್ ತೆಗೆಯುವುದೇ ಇಲ್ಲ. ಬೆಳಕು ಬದಲಾದ ಪಿಕ್ಸೆಲ್ ಮಾತ್ರ ಸಿಗ್ನಲ್ ಕಳಿಸುತ್ತದೆ. ಸುರಂಗದಿಂದ ಬಿಸಿಲಿಗೆ ಬಂದರೂ ಮಾಮೂಲಿ ಕ್ಯಾಮೆರಾದಂತೆ ಕಣ್ಣು ಕುಕ್ಕುವುದಿಲ್ಲ. ಜ್ಯೂರಿಚ್ ವಿಶ್ವವಿದ್ಯಾಲಯದ ಗೆರಿಗ್ ಮತ್ತು ಸ್ಕಾರಮುಝ್ಝಾ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ಸೆಕೆಂಡ್‌ಗೆ 20 ಫ್ರೇಮ್ ತೆಗೆಯುವ ಕ್ಯಾಮೆರಾ ಜೊತೆ ಇವೆಂಟ್ ಕ್ಯಾಮೆರಾ ಸೇರಿಸಿದರೆ, 5,000 ಫ್ರೇಮ್ ಕ್ಯಾಮೆರಾದಷ್ಟು ಬೇಗ ವಸ್ತು ಪತ್ತೆ ಮಾಡಬಹುದು. ಡೇಟಾ ಭಾರ ಮಾತ್ರ 45 ಫ್ರೇಮ್ ಕ್ಯಾಮೆರಾದಷ್ಟು. ಅವರ ಡಿಎಸ್ಇಸಿ ಡೇಟಾಸೆಟ್ ಉಚಿತ.

ಬಿಂದುಮೋಡ:
ಎಂ.ಟೆಕ್ ಸಮಯದಲ್ಲಿ ಅದು ಮುಗಿಯುವುದು ಕಷ್ಟ, ಟೂಲ್‌ಗಳು ಇನ್ನೂ ಒರಟು. ನಾನಾದರೆ ಬೋಲ್ಟ್_ನಟ್ ಹೇಳಿದ್ದನ್ನೇ ಹಿಡಿಯುತ್ತೇನೆ. ಲೈಡಾರ್ ಪಕ್ಷದವನೇ ಹೇಳುತ್ತಿದ್ದೇನೆ, ಗಮನಿಸಿ.

ಎರಡನೇ_ಸೆಮಿಸ್ಟರ್:
ಗೈಡ್ ಜೊತೆ ಮಾತಾಡಿದೆ. ಕಿಟ್ಟಿ ಸ್ಕೋರ್ ಬೇಸ್‌ಲೈನ್ (ಹೋಲಿಕೆಗೆ ಆಧಾರ) ಆಗಿ ಇರಲಿ, ಮುಖ್ಯ ಅಧ್ಯಾಯ "ಕ್ಯಾಲಿಬ್ರೇಷನ್ ಸರಿದದ್ದನ್ನು ಡೇಟಾದಿಂದಲೇ ಗುರುತಿಸುವುದು" ಎಂದು ಒಪ್ಪಿದರು. ನೂಸೀನ್ಸ್‌ನಲ್ಲೇ ಮಾಡುತ್ತೇನೆ. ಒಂದು ಅನುಮಾನ. ಕೋನ ಕೆಡಿಸುವಾಗ ಪ್ರತಿ ಫ್ರೇಮ್‌ಗೂ ಬೇರೆ ಬೇರೆ ರ‍್ಯಾಂಡಮ್ ತಪ್ಪು ಕೊಡಬೇಕಾ, ಒಂದೇ ತಪ್ಪು ಇಡೀ ದೃಶ್ಯಕ್ಕೆ ಇಡಬೇಕಾ?

ಬೋಲ್ಟ್_ನಟ್:
ಇಡೀ ದೃಶ್ಯಕ್ಕೆ ಒಂದೇ. ಬಾಗಿದ ಬ್ರಾಕೆಟ್ ಫ್ರೇಮ್‌ಗೊಂದು ದಿಕ್ಕಿಗೆ ಬಾಗುವುದಿಲ್ಲ. ಪ್ರತಿ ಫ್ರೇಮ್‌ಗೂ ಬೇರೆ ತಪ್ಪು ಕೊಟ್ಟರೆ ಅದು ಕಂಪನದ ಮಾದರಿ, ಬೇರೆ ಪ್ರಯೋಗ. ಎರಡನ್ನೂ ಮಾಡಿ, ಆದರೆ ಒಂದೇ ಟೇಬಲ್‌ಗೆ ಕಲಸಬೇಡಿ. ಮೂರು ಕೋನಗಳನ್ನೂ ಬೇರೆ ಬೇರೆ ಕೆಡಿಸಿ ನೋಡಿ. ಅಡ್ಡ ತಿರುಗುವ ತಪ್ಪು ಒಂದು ರೀತಿ ಕಾಟ ಕೊಡುತ್ತದೆ, ಮೂಗು ಮೇಲೆ ಕೆಳಗೆ ಆಗುವ ತಪ್ಪು ಇನ್ನೊಂದು ರೀತಿ. ಎರಡನೆಯದರಲ್ಲಿ ದೂರದ ರಸ್ತೆಯ ಬಿಂದುಗಳು ಚಿತ್ರದ ಆಕಾಶಕ್ಕೆ ಏರಿ ಕೂರುತ್ತವೆ. ಪತ್ತೆ ಮಾಡಲು ಅದು ಸುಲಭ, ಅಲ್ಲಿಂದ ಶುರು ಮಾಡಿ.